ಬೋಲ್ಟ್ ಎಷ್ಟು ಉದ್ದವಾಯಿತು?

(ಬಳ್ಳಾರಿಯಲ್ಲಿ ಗ್ಯಾರೇಜ್ ಮೇಸ್ತ್ರಿಗಳು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಡಬ್ಬಿಯಲ್ಲಿ ಎರಡು ಬೋಲ್ಟ್‌ಗಳಿವೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕೊಡುತ್ತಾ ಹೋಗಿ, ಎಲ್ಲರೂ ಬೆಳಕಿಗೆ ಹಿಡಿದು ನೋಡಿ. ಒಂದರ ಮುರಿದ ಮುಖ ಸಪಾಟಾಗಿದೆ. ಅದರ ಒಂದು ಅಂಚಿನಿಂದ ಒಳಕ್ಕೆ ಅರ್ಧಚಂದ್ರದ ಆಕಾರದ ಗೆರೆಗಳಿವೆ. ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಇಳಿದಂತೆಲ್ಲ ದಂಡೆಯ ಮಣ್ಣಿನಲ್ಲಿ ಸಾಲು ಸಾಲಾಗಿ ಗೆರೆ ಬಿಟ್ಟುಹೋಗುತ್ತದಲ್ಲ, ಹಾಗೆ. ಕೊನೆಯಲ್ಲಿ ಉಳಿದ ಸ್ವಲ್ಪ ಜಾಗ ಮಾತ್ರ ಸಕ್ಕರೆ ಹರಳಿನಂತೆ ಒರಟಾಗಿದೆ. ಇನ್ನೊಂದು ಬೋಲ್ಟ್ ಬೇರೆಯ ರೀತಿ: ಬೆಲ್ಲದ ಪಾಕ ಎಳೆದಂತೆ ನಡು ಸಣ್ಣಗಾಗಿ, ಸೊಟ್ಟಗಾಗಿ ಹರಿದಿದೆ. ಎರಡೂ ಒಂದೇ ಎಂಜಿನ್‌ನ ಒಂದೇ ಕನೆಕ್ಟಿಂಗ್ ರಾಡ್‌ನವು, ಅಂದರೆ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಗೆ ಜೋಡಿಸುವ ದಂಡದವು. ಆ ಎಂಜಿನ್ ಕಟ್ಟಿದವನು ನಾನೇ.

ಬಹಳ ವರ್ಷಗಳ ಹಿಂದಿನ ಮಾತು. ಪರಿಚಯದವರೊಬ್ಬರು ತಮ್ಮ ಮಾರುತಿ ಜಿಪ್ಸಿ ಜೀಪನ್ನು ರ‍್ಯಾಲಿಗೆ ಸಿದ್ಧ ಮಾಡಿಕೊಡಿ ಎಂದು ತಂದುಬಿಟ್ಟರು. 1.3 ಲೀಟರ್ ಎಂಜಿನ್. ಕ್ಯಾಮ್ ಬದಲಾಯಿಸಿದೆ, ಹೆಡ್‌ನ ಪೋರ್ಟ್‌ಗಳನ್ನು ಉಜ್ಜಿ ಅಗಲ ಮಾಡಿದೆ, ಕಂಪ್ರೆಷನ್ ಏರಿಸಿದೆ. ಕೆಳಗಿನ ಭಾಗ ಚೆನ್ನಾಗಿಯೇ ಇದೆ ಎಂದುಕೊಂಡು ಹಳೆಯ ರಾಡ್ ಬೋಲ್ಟ್‌ಗಳನ್ನೇ ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟಕ್ಕೆ ಟಾರ್ಕ್ ರೆಂಚ್ ಟಕ್ ಎನ್ನುವ ತನಕ ಬಿಗಿದೆ. ಮನಸ್ಸಿಗೆ ಪೂರ್ತಿ ಸಮಾಧಾನವಾಗಿತ್ತು. ಸುಮಾರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಸಂಡೂರಿನ ಕಡೆಯ ಏರಿನಲ್ಲಿ ಅವರು ಮೂರನೆಯ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ, ಕೈ ತಪ್ಪಿ ಎರಡಕ್ಕೆ ಎಳೆದರು. ಬ್ಲಾಕ್‌ನ ಪಕ್ಕದಲ್ಲಿ ಹಸ್ತ ತೂರುವಷ್ಟು ತೂತು ಬಿತ್ತು. ರಸ್ತೆಯ ಕೆಂಪು ದೂಳಿನ ಮೇಲೆ ಆಯಿಲ್ ಹರಿದು ಕೆಸರಾಗಿತ್ತು.

ಎಲ್ಲರೂ ಓಡಿಸಿದವರನ್ನೇ ದೂರಿದರು. ನಾನೂ ದೂರಿದೆ. ಬಿಚ್ಚಿ ನೋಡಿ, ಬೋಲ್ಟ್‌ನ ಮುಖವನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಬಾಯಿ ಕಟ್ಟಿತು. ಆ ಗೆರೆಗಳು ಒಂದೇ ಏಟಿಗೆ ಬಿದ್ದವಲ್ಲ. ಬಿರುಕು ಮೊದಲೇ ಹುಟ್ಟಿ, ಸ್ವಲ್ಪ ಸ್ವಲ್ಪವಾಗಿ ಬೆಳೆದು, ಒರಟಾಗಿ ಕಾಣುವಷ್ಟು ಲೋಹ ಮಾತ್ರ ಉಳಿದಿದ್ದಾಗ ತಪ್ಪು ಗೇರು ಬಿದ್ದಿದೆ. ಅದು ಹೋದ ಕ್ಷಣದಲ್ಲಿ ಇಡೀ ಹೊರೆ ಬಿದ್ದು ಎರಡನೆಯದು ಹರಿದಿದೆ. ಮೊದಲನೆಯದರ ಸಾವು ಶುರುವಾಗಿದ್ದು ನನ್ನ ಬೆಂಚಿನ ಮೇಲೆ.

ಮ್ಯಾನುಯಲ್ ಹೇಳಿದಷ್ಟೇ ಬಿಗಿದಿದ್ದೆನಲ್ಲ, ಮತ್ತೆ ತಪ್ಪೇನು?

ಟಾರ್ಕ್ ರೆಂಚ್ ಅಳೆಯುವುದು ನೀವು ತಿರುಗಿಸಲು ಪಡುವ ಕಷ್ಟವನ್ನು. ಬೋಲ್ಟ್ ಎಷ್ಟು ಬಲವಾಗಿ ಹಿಡಿದುಕೊಂಡಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ನೀವು ಹಾಕಿದ ಶ್ರಮವನ್ನು ನೂರು ಪಾಲು ಮಾಡಿದರೆ ಸುಮಾರು ಐವತ್ತು ಪಾಲು ಬೋಲ್ಟ್ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ, ನಲವತ್ತು ಪಾಲು ಥ್ರೆಡ್‌ಗಳ ತಿಕ್ಕಾಟಕ್ಕೆ. ಬೋಲ್ಟನ್ನು ಎಳೆದು ಹಿಗ್ಗಿಸುವ ಕೆಲಸಕ್ಕೆ ಸಿಗುವುದು ಬರೀ ಹತ್ತು ಪಾಲು. ಥ್ರೆಡ್ ಒಣಗಿ, ಹಳತಾಗಿ, ಅಲ್ಲಲ್ಲಿ ಕಚ್ಚಿಕೊಂಡು ತಿಕ್ಕಾಟ ಎರಡರಷ್ಟಾದರೆ ರೆಂಚ್ ಅದೇ ಅಂಕಿಗೆ ಟಕ್ ಎನ್ನುತ್ತದೆ, ಆದರೆ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮ್ಯಾನುಯಲ್‌ನ ಅಂಕಿ ಆಯಿಲ್ ಹಚ್ಚಿದ ಥ್ರೆಡ್‌ಗೆ ಹೇಳಿದ್ದು. ನಾನು ಒಣಗಿಸಿ ಬಿಗಿದೆ. ಸ್ವಚ್ಛತೆ ಎಂದುಕೊಂಡು ಮಾಡಿದ ಕೆಲಸ ಅದು.

ನಮ್ಮೂರು ಸಿರುಗುಪ್ಪದ ಕಡೆ. ಚಿಕ್ಕವನಿದ್ದಾಗ ಎತ್ತಿನ ಬಂಡಿಯ ಗಾಲಿಗೆ ಹಳಿ ಕಟ್ಟುವುದನ್ನು ನೋಡಲು ಕಮ್ಮಾರರ ಸಾಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ನಿಮ್ಮಲ್ಲಿ ವಯಸ್ಸಾದವರು ನೋಡಿರುತ್ತೀರಿ. ದಾರ ಹಿಡಿದು ಗಾಲಿಯ ಸುತ್ತಳತೆ ತೆಗೆದುಕೊಂಡು, ಕಬ್ಬಿಣದ ಹಳಿಯನ್ನು ಅದಕ್ಕಿಂತ ಸ್ವಲ್ಪ ಗಿಡ್ಡವಾಗಿ ಬೆಸೆಯುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ, ಗಾಲಿಯ ಮೇಲೆ ಕೂಡುತ್ತದೆ. ನೀರು ಸುರಿದ ಕೂಡಲೇ ಕುಗ್ಗಲು ನೋಡುತ್ತದೆ, ಆದರೆ ಗಾಲಿ ಬಿಡುವುದಿಲ್ಲ. ಆ ಕುಗ್ಗಲಾಗದ ಹಟವೇ ಅರೆಕಾಲುಗಳನ್ನೆಲ್ಲ ಕಟಕಟ ಎನ್ನಿಸಿ ಒಟ್ಟಿಗೆ ಹಿಡಿಯುತ್ತದೆ. ಎಷ್ಟು ಗಟ್ಟಿಯಾಗಿ ಹೊಡೆದೆ ಎಂದು ಕಮ್ಮಾರ ಲೆಕ್ಕ ಇಡುವುದಿಲ್ಲ. ಅವನ ಲೆಕ್ಕವೆಲ್ಲ ಉದ್ದದ್ದು: ಹಳಿ ಎಷ್ಟು ಗಿಡ್ಡವಿತ್ತು, ಎಷ್ಟು ಹಿಗ್ಗಿ ಕೂತಿದೆ. ತೀರ ಗಿಡ್ಡ ಮಾಡಿದರೆ ಗಾಲಿ ಸೊಟ್ಟಗಾಗುತ್ತದೆ, ಅಳತೆಗೆ ಸರಿಯಾಗಿ ಮಾಡಿದರೆ ನಾಲ್ಕು ದಿನಕ್ಕೆ ಕಳಚಿ ಬೀಳುತ್ತದೆ.

ರಾಡ್ ಬೋಲ್ಟ್ ಕೂಡ ಅದೇ. ಅದೊಂದು ಸ್ಪ್ರಿಂಗ್. ಬಿಗಿದಾಗ ಅದು ಉದ್ದವಾಗಬೇಕು, ಬಿಚ್ಚಿದಾಗ ಮೊದಲಿನ ಉದ್ದಕ್ಕೆ ಮರಳಬೇಕು. ಸಾಮಾನ್ಯ ಕಾರ್ ಎಂಜಿನ್ನಿನ ಒಳ್ಳೆಯ ಬೋಲ್ಟ್ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ. ಎರಡು ತಲೆಗೂದಲಿನ ದಪ್ಪ, ಅಷ್ಟೇ. ಎಂಜಿನ್ ಬದುಕುವುದು ಆ ಎರಡು ಕೂದಲಿನ ಮೇಲೆ.

ಈಗ ಒಂದು ಪ್ರಶ್ನೆ. ಈ ಬೋಲ್ಟ್ ಮೇಲೆ ಅತಿ ಹೆಚ್ಚು ಎಳೆತ ಬೀಳುವುದು ಯಾವಾಗ?

ನಾನು ಕೇಳಿದಲ್ಲೆಲ್ಲ ಇದೇ ಉತ್ತರ ಬರುತ್ತದೆ, ಇಂದೂ ಬಂತು: ಪವರ್ ಸ್ಟ್ರೋಕ್‌ನಲ್ಲಿ, ಬೆಂಕಿ ಹೊತ್ತಿದಾಗ. ಯೋಚಿಸಿ ನೋಡಿ. ಬೆಂಕಿ ಹೊತ್ತಿದಾಗ ಪಿಸ್ಟನ್ ರಾಡನ್ನು ಕೆಳಕ್ಕೆ, ಕ್ರ್ಯಾಂಕ್‌ನ ಮೇಲೆ ಒತ್ತುತ್ತದೆ. ಆ ಒತ್ತಡ ರಾಡ್‌ನ ಮೇಲಿನ ಅರ್ಧಕ್ಕೆ ಬೀಳುತ್ತದೆ. ಆ ಹೊತ್ತಿಗೆ ಕ್ರ್ಯಾಂಕನ್ನು ಕೆಳಗಿನಿಂದ ಹಿಡಿಯುವ ಕ್ಯಾಪ್‌ಗೂ, ಅದನ್ನು ರಾಡ್‌ಗೆ ಬಿಗಿಯುವ ಬೋಲ್ಟ್‌ಗೂ ಬಿಡುವು. ಅವುಗಳ ಜೀವ ತೆಗೆಯುವುದು ಹೊಗೆ ಹೊರಹಾಕುವ ಎಕ್ಸಾಸ್ಟ್ ಸ್ಟ್ರೋಕ್‌ನ ತುದಿ. ಪಿಸ್ಟನ್ ಭರದಿಂದ ಮೇಲಕ್ಕೆ ಹೋಗುತ್ತಿದೆ, ವಾಲ್ವ್ ತೆರೆದಿದೆ, ಅದನ್ನು ತಡೆಯಲು ಮೇಲೆ ಗಾಳಿಯ ಒತ್ತಡವೂ ಇಲ್ಲ. ಹಾರಿಹೋಗಲು ಹೊರಟ ಪಿಸ್ಟನ್ನನ್ನು ನಿಲ್ಲಿಸಿ ಕೆಳಕ್ಕೆ ಎಳೆದುಕೊಳ್ಳಬೇಕಾದವು ಈ ಎರಡು ಬೋಲ್ಟ್‌ಗಳೇ.

ಆ ಜಿಪ್ಸಿ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 75.5 ಮಿ.ಮೀ. ಪಿಸ್ಟನ್, ಪಿನ್, ರಾಡ್‌ನ ಮೇಲಿನ ತುದಿ ಸೇರಿ ಅರ್ಧ ಕಿಲೋ ಎಂದಿಟ್ಟುಕೊಳ್ಳಿ, ರಾಡ್ ಉದ್ದ 120 ಮಿ.ಮೀ. ಎಂದಿಟ್ಟುಕೊಳ್ಳಿ. 6,500 ಆರ್‌ಪಿಎಂನಲ್ಲಿ ಆ ಅರ್ಧ ಕಿಲೋ ಸಾಮಾನು ಮೇಲಕ್ಕೆ ಎಳೆಯುವ ಬಲ ಸುಮಾರು 1,170 ಕಿಲೋ ತೂಕ. 8,000ಕ್ಕೆ ಏರಿಸಿದರೆ ಸುಮಾರು 1,775. ವೇಗ ಹೆಚ್ಚಿದ್ದು ಶೇಕಡ 23, ಹೊರೆ ಹೆಚ್ಚಿದ್ದು ಶೇಕಡ 51. ವೇಗದ ವರ್ಗಕ್ಕೆ ತಕ್ಕಂತೆ ಹೊರೆ ಏರುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿರುತ್ತೀರಿ, ಅದು ಇದೇ. ತಪ್ಪು ಗೇರು ಎಂಜಿನ್ ಕೊಲ್ಲುವುದೂ ಇದಕ್ಕೇ: ಆಕ್ಸಿಲರೇಟರ್ ಬಿಟ್ಟಿದ್ದರೂ ಚಕ್ರಗಳು ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ.

ಇನ್ನು ಹಿಡಿತದ ಲೆಕ್ಕ. 12.9 ದರ್ಜೆಯ, ಅಂದರೆ ಬಹಳ ಗಟ್ಟಿ ಉಕ್ಕಿನ, 8 ಮಿ.ಮೀ. ಸಣ್ಣ ಥ್ರೆಡ್ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದೊಂದೇ ಸುಮಾರು ಮೂರು ಟನ್ ಹಿಡಿತ ಕೊಡುತ್ತದೆ. ಎರಡು ಸೇರಿ ಆರು. ಎರಡು ಟನ್ ಹೊರೆಗೆ ಆರು ಟನ್ ಯಾಕೆ ಎಂದರೆ, ರಾಡ್‌ನ ಕೆಳಭಾಗದ ತೂಕವೂ ಸೇರಿಕೊಳ್ಳುತ್ತದೆ, ರಾಡ್‌ಗೂ ಕ್ರ್ಯಾಂಕ್‌ಗೂ ನಡುವೆ ಕೂರುವ ತೆಳು ಬೇರಿಂಗ್ ಶೆಲ್ ಒಳಗಿನಿಂದ ತಳ್ಳುತ್ತಿರುತ್ತದೆ, ಕ್ಯಾಪ್ ಬಿಲ್ಲಿನಂತೆ ಬಾಗಿ ಬೋಲ್ಟನ್ನು ಪಕ್ಕಕ್ಕೆ ಮೀಟುತ್ತದೆ. ಹಿಡಿತ ಹೊರೆಗಿಂತ ಬಹಳ ಹೆಚ್ಚಿದ್ದರೆ ಕ್ಯಾಪ್ ಮತ್ತು ರಾಡ್ ಒಂದನ್ನೊಂದು ಬಿಡುವುದೇ ಇಲ್ಲ, ಬೋಲ್ಟ್‌ಗೆ ಹೊರೆ ಬಂದು ಹೋಗಿದ್ದು ಹೆಚ್ಚಾಗಿ ತಿಳಿಯುವುದೂ ಇಲ್ಲ. ಹಿಡಿತ ಅರ್ಧಕ್ಕೆ ಇಳಿದಿದ್ದರೆ ಪ್ರತಿ ಎಕ್ಸಾಸ್ಟ್ ಸ್ಟ್ರೋಕ್‌ಗೂ ಆ ಕೂಡುಜಾಗ ಸ್ವಲ್ಪ ಬಾಯಿ ಬಿಡುತ್ತದೆ, ಬೋಲ್ಟ್ ಹಿಗ್ಗುತ್ತದೆ, ಕುಗ್ಗುತ್ತದೆ. 6,500 ಆರ್‌ಪಿಎಂನಲ್ಲಿ ನಿಮಿಷಕ್ಕೆ 3,250 ಸಲ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ. ಹೆಚ್ಚು ಬಿಗಿದು ಬೋಲ್ಟ್ ಮುರಿಯಿತು ಎಂಬ ಮಾತನ್ನೇ ಎಲ್ಲರೂ ಆಡುತ್ತಾರೆ. ನನ್ನ ಕೈಗೆ ಬಂದ ಮುರಿದ ರಾಡ್ ಬೋಲ್ಟ್‌ಗಳಲ್ಲಿ ಹೆಚ್ಚಿನವು ಕಡಿಮೆ ಬಿಗಿದವು.

ಇಲ್ಲೊಂದು ಅಡ್ಡಮಾತು. ಹುಡುಗರಿಗೆ ಯಮಹಾ ಆರ್‌ಎಕ್ಸ್ 100 ಬೈಕ್ ಮೇಲೆ ಈಗಲೂ ಪ್ರಾಣ, ಅದು ನಿಂತು ಹೋದದ್ದು 1996ರಲ್ಲಿ. ಮೊನ್ನೆ ಒಬ್ಬ ಹುಡುಗ ಅದಕ್ಕೆ ರೇಸಿಂಗ್ ರಾಡ್ ಬೋಲ್ಟ್ ಎಲ್ಲಿ ಸಿಗುತ್ತದೆ ಅಣ್ಣ ಎಂದು ಫೋನ್ ಮಾಡಿದ್ದ. ಅದರಲ್ಲಿ ಆ ಬೋಲ್ಟೇ ಇಲ್ಲ ತಮ್ಮಾ ಎಂದೆ. ಅದರ ರಾಡ್ ಒಂದೇ ತುಂಡು. ಕ್ರ್ಯಾಂಕನ್ನೇ ಬಿಡಿಸಿ, ಪಿನ್ ಪ್ರೆಸ್ ಮಾಡಿ ಕೂಡಿಸುತ್ತಾರೆ. ಅಲ್ಲಿನ ಕಷ್ಟಗಳು ಬೇರೆ, ಅವನ್ನು ಇನ್ನೊಂದು ಭಾನುವಾರ ಮಾತಾಡೋಣ.

ಈಗ ಕೆಲಸಕ್ಕೆ ಬರೋಣ. ಈ ಟೇಬಲ್ ಮೇಲೆ ಇರುವುದು ಸ್ಟ್ರೆಚ್ ಗೇಜ್. ಕುದುರೆ ಲಾಳದಂತಹ ಚೌಕಟ್ಟು, ಒಂದು ತುದಿಯಲ್ಲಿ ಗುಂಡುಮೊನೆ, ಇನ್ನೊಂದು ತುದಿಯಲ್ಲಿ ಡಯಲ್. ಒಳ್ಳೆಯ ರಾಡ್ ಬೋಲ್ಟ್‌ಗಳ ಎರಡೂ ತುದಿಯಲ್ಲಿ ಸಣ್ಣ ಕುಳಿ ಇರುತ್ತದೆ, ಆ ಮೊನೆಗಳು ಅಲ್ಲಿ ಕೂಡಲಿ ಎಂದೇ. ರಾಡನ್ನು ವೈಸ್‌ನಲ್ಲಿ ಹಿಡಿಯುವಾಗ ಅಲ್ಯುಮಿನಿಯಂ ಅಥವಾ ಮರದ ತುಂಡು ನಡುವೆ ಇಡಿ. ರಾಡ್ ಮೇಲೆ ವೈಸ್‌ನ ಹಲ್ಲಿನ ಗುರುತು ಬಿದ್ದರೆ ಮುಂದಿನ ಬಿರುಕು ಅಲ್ಲಿಂದ ಶುರು. ಬೋಲ್ಟನ್ನು ಬರಿ ಕೈಯಲ್ಲಿ ಹಾಕಿ, ಗೇಜ್ ಕೂರಿಸಿ ಡಯಲನ್ನು ಸೊನ್ನೆಗೆ ತನ್ನಿ. ಆಮೇಲೆ ಬಿಗಿಯುತ್ತಾ ಮುಳ್ಳು ನೋಡಿ. ಅಮೆರಿಕದ ಎಆರ್‌ಪಿಯಂತಹ ಕಂಪನಿಯ ಬೋಲ್ಟ್ ತಂದರೆ ಎಷ್ಟು ಹಿಗ್ಗಬೇಕು ಎಂದು ಜೊತೆಯ ಕಾಗದದಲ್ಲೇ ಬರೆದಿರುತ್ತದೆ, ಸಾಮಾನ್ಯವಾಗಿ ಇಂಚಿನ ಸಾವಿರದ ಲೆಕ್ಕದಲ್ಲಿ. ಆರು ಸಾವಿರಾಂಶ ಎಂದರೆ ನಮ್ಮ 0.15 ಮಿ.ಮೀ. ಗೇಜ್ ಇಲ್ಲದವರು ಒಳ್ಳೆಯ ಮೈಕ್ರೋಮೀಟರ್‌ನಲ್ಲೂ ಬಿಗಿಯುವ ಮೊದಲು, ಬಿಗಿದ ಮೇಲೆ ಉದ್ದ ಅಳೆಯಬಹುದು. ಬೋಲ್ಟ್‌ನ ಎರಡೂ ತುದಿ ಹೊರಗೆ ಸಿಗಬೇಕು, ಅದೊಂದೇ ಷರತ್ತು. ರಾಡ್‌ನ ಆಚೆ ಬದಿಗೆ ತೆರೆಯದ ಕುರುಡು ತೂತಿಗೆ ಹೋಗುವ ಬೋಲ್ಟ್‌ಗಳಿಗೆ ಈ ದಾರಿಯಿಲ್ಲ.

ಒಂದು ಹಳೆಯ ನೋಟುಬುಕ್ ತಂದಿದ್ದೇನೆ. ಇದು ಒಂದು ನಾಲ್ಕು ಸಿಲಿಂಡರ್ ಎಂಜಿನ್ನಿನ ಪುಟ. ಎಂಟು ಬೋಲ್ಟ್, ಪ್ರತಿಯೊಂದರ ಮುಂದೆ ಮೂರು ಅಂಕಿ: ಬಿಗಿಯುವ ಮೊದಲಿನ ಉದ್ದ, ಎಷ್ಟು ಹಿಗ್ಗಿತು, ಅಷ್ಟು ಹಿಗ್ಗಲು ರೆಂಚ್ ಎಷ್ಟು ತೋರಿಸಿತು. ಏಳು ಬೋಲ್ಟ್‌ಗಳು 41ರಿಂದ 43 ನ್ಯೂಟನ್ ಮೀಟರ್ ಒಳಗೆ 0.15 ಮುಟ್ಟಿವೆ. ಎಂಟನೆಯದು 55 ಕೇಳಿದೆ. ರೆಂಚ್ ಒಂದನ್ನೇ ನಂಬಿ 42ಕ್ಕೆ ನಿಲ್ಲಿಸಿದ್ದರೆ ಅದು ಹತ್ತಿರ ಹತ್ತಿರ ಕಾಲು ಪಾಲು ಹಿಡಿತ ಕಡಿಮೆ ಇಟ್ಟುಕೊಂಡೇ ಎಂಜಿನ್ ಒಳಗೆ ಹೋಗುತ್ತಿತ್ತು, ಟಕ್ ಎಂಬ ಸದ್ದು ಮಾತ್ರ ಎಂಟಕ್ಕೂ ಒಂದೇ. ಬಿಚ್ಚಿ ಉಗುರಾಡಿಸಿದಾಗ ಎರಡನೆಯ ಸುತ್ತಿನ ಥ್ರೆಡ್‌ನಲ್ಲಿ ಸಾಸಿವೆಗಿಂತ ಸಣ್ಣ ಚೂರು ಎದ್ದಿತ್ತು. ಬೋಲ್ಟ್ ಬದಲಾಯಿಸಿದೆ, 42ಕ್ಕೆ ಬಂತು. ನಾನು ಇವತ್ತು ತೋರಿಸಬೇಕೆಂದುಕೊಂಡಿದ್ದು ಮುಖ್ಯವಾಗಿ ಈ ಪುಟವನ್ನೇ.

ಹಚ್ಚುವ ಆಯಿಲ್ ವಿಷಯದಲ್ಲಿ ಒಂದು ಎಚ್ಚರ. ಬೋಲ್ಟ್ ಕಂಪನಿ ತನ್ನದೇ ಲೂಬ್ರಿಕೆಂಟ್ ಕೊಟ್ಟಿದ್ದರೆ ಅದನ್ನೇ ಹಚ್ಚಿ, ಥ್ರೆಡ್‌ಗೂ ತಲೆಯ ಕೆಳಗೂ. ತಲೆಯ ಕೆಳಗೆ ಹಚ್ಚುವುದನ್ನು ಮರೆಯುವವರೇ ಹೆಚ್ಚು, ಅರ್ಧ ತಿಕ್ಕಾಟ ಇರುವುದೇ ಅಲ್ಲಿ. ಎಂಜಿನ್ ಆಯಿಲ್‌ಗೆ ಕೊಟ್ಟ ಅಂಕಿಯನ್ನು ಹಿಡಿದು ಹೆಚ್ಚು ಜಾರುವ ಮಾಲಿ (ಮಾಲಿಬ್ಡಿನಮ್) ಗ್ರೀಸ್ ಬಳಿದರೆ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗಿ ಮರಳಿ ಬಾರದ ಹಂತ ಮುಟ್ಟಬಹುದು. ರಾಡ್ ಬೋಲ್ಟ್‌ಗೆ ಥ್ರೆಡ್ ಅಂಟು ಹಾಕುವ ಅಭ್ಯಾಸ ಇಟ್ಟುಕೊಂಡವರು ಬಿಟ್ಟುಬಿಡಿ. ಬೋಲ್ಟನ್ನು ಬಿಚ್ಚಿಕೊಳ್ಳದಂತೆ ಕಾಯುವುದು ಅದರ ಹಿಗ್ಗೇ.

ಟಾರ್ಕ್ ರೆಂಚನ್ನು ಬಿಸಾಡಿ ಎಂದು ಯಾರೂ ತಿಳಿಯಬೇಡಿ. ಬಹಳ ಎಂಜಿನ್‌ಗಳಲ್ಲಿ ಅದೇ ಗತಿ. ಆದರೆ ಅದನ್ನು ನಾವು ನಡೆಸಿಕೊಳ್ಳುವ ರೀತಿ ನೋಡಿದರೆ ಬೇಸರವಾಗುತ್ತದೆ. ಬಿಗಿಯಾದ ನಟ್ ಬಿಚ್ಚಲು ಅದನ್ನೇ ಬಳಸುತ್ತೇವೆ, ಮೇಲೆ ಪೈಪ್ ತೂರಿಸುತ್ತೇವೆ, ಕೆಲಸ ಮುಗಿದ ಮೇಲೆ ಸೆಟ್ಟಿಂಗ್ ಇಳಿಸದೆ ಪೆಟ್ಟಿಗೆಗೆ ಎಸೆಯುತ್ತೇವೆ. ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಮಲಗಿ ಅಳತೆ ಕೆಡುತ್ತದೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ 5,000 ಸಲ ಬಳಸಿದ ಮೇಲೆ ಇಲ್ಲವೇ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ತಪಾಸಣೆಗೆ ಹೊರಗೆ ಕಳಿಸಲು ಆಗದವರು ಹೀಗಾದರೂ ಮಾಡಿ: ರೆಂಚ್‌ನ ಚೌಕ ತುದಿಯನ್ನು ವೈಸ್‌ನಲ್ಲಿ ಹಿಡಿದು, ಹಿಡಿಕೆ ನೆಲಕ್ಕೆ ಸಮಾನಾಂತರವಾಗಿ ಅಡ್ಡ ಇರಲಿ, ಚೌಕದಿಂದ 40 ಸೆಂಟಿಮೀಟರ್ ದೂರಕ್ಕೆ ತೂಕ ಮಾಡಿದ ಹತ್ತು ಕಿಲೋ ನೇತುಹಾಕಿ. 39 ನ್ಯೂಟನ್ ಮೀಟರ್ ಹತ್ತಿರ ಟಕ್ ಎನ್ನಬೇಕು, ಹಿಡಿಕೆಯ ಸ್ವಂತ ತೂಕದಿಂದ ಸ್ವಲ್ಪ ಹೆಚ್ಚು ಬರುತ್ತದೆ. 30ಕ್ಕೋ 50ಕ್ಕೋ ಅಂದರೆ ಅದರ ಸೇವೆ ಮುಗಿಯಿತು. ಬಿಗಿಯುವಾಗ ಜಗ್ಗಬೇಡಿ, ಒಂದೇ ಸಮನೆ ಎಳೆಯಿರಿ, ಒಂದು ಸಲ ಟಕ್ ಎಂದರೆ ಕೈ ಬಿಡಿ. ದೇವರ ಗಂಟೆ ಹೊಡೆದಂತೆ ಮೂರು ಸಲ ಟಕ್ ಟಕ್ ಟಕ್ ಎನ್ನಿಸುವುದರಿಂದ ಬೋಲ್ಟ್ ಇನ್ನಷ್ಟು ತಿರುಗುತ್ತದೆ, ಪುಣ್ಯ ಬರುವುದಿಲ್ಲ. ಅಂಕಿ ಯಾವ ಅಳತೆಯ ಮಾನದಲ್ಲಿದೆ ಎಂದೂ ನೋಡಿಕೊಳ್ಳಿ: 35 ಫುಟ್ ಪೌಂಡ್ ಎಂದರೆ 47 ನ್ಯೂಟನ್ ಮೀಟರ್, ಹಳೆಯ ಪುಸ್ತಕದ ಒಂದು ಕೆಜಿ ಮೀಟರ್ ಎಂದರೆ 9.8.

ಈಚಿನ ಎಂಜಿನ್‌ಗಳಲ್ಲಿ ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ಎಂದು ಇರುತ್ತದೆ. ಇದೂ ಉದ್ದದ ಲೆಕ್ಕವೇ. ಥ್ರೆಡ್‌ಗಳ ಅಂತರ ಒಂದು ಮಿ.ಮೀ. ಇದ್ದರೆ ಕಾಲು ಸುತ್ತಿಗೆ ಬೋಲ್ಟ್ ಕಾಲು ಮಿ.ಮೀ. ಮುಂದೆ ಹೋಗಲೇಬೇಕು, ತಿಕ್ಕಾಟ ಎಷ್ಟೇ ಇರಲಿ. ಅದರಲ್ಲಿ ಒಂದಿಷ್ಟು ರಾಡ್ ಒತ್ತಿಕೊಳ್ಳುವುದರಲ್ಲಿ ಕಳೆದು ಉಳಿದದ್ದು ಬೋಲ್ಟ್‌ನ ಹಿಗ್ಗು. ಕಣ್ಣಂದಾಜಿನ 90 ಬೇಡ, ಆಂಗಲ್ ಗೇಜ್ ಇಲ್ಲದಿದ್ದರೆ ತಲೆಯ ಮೇಲೆ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿ ತಿರುಗಿಸಿ. ಕಂಪನಿ ಒಂದೇ ಸಲ ಬಳಸಿ ಎಂದಿರುವ ಬೋಲ್ಟನ್ನು ಮತ್ತೆ ಹಾಕಬೇಡಿ, ಅವು ಬಿಗಿಯುವಾಗಲೇ ಪೂರ್ತಿ ಮರಳದ ಹಂತಕ್ಕೆ ಹೋಗುವಂತೆ ಮಾಡಿದವು.

ಬಳ್ಳಾರಿಯ ಬಿಸಿಲಿನ ಬಗ್ಗೆ ಹೇಳದೆ ಹೋಗಲಾರೆ. ಉಕ್ಕು ಕಾಯ್ದರೆ ಹಿಗ್ಗುತ್ತದೆ. ನಾಲ್ಕೂವರೆ ಸೆಂಟಿಮೀಟರ್ ಬೋಲ್ಟ್ ಕಿಟಕಿಯ ಬಿಸಿಲಿಗೆ ಬಿದ್ದು ಇಪ್ಪತ್ತು ಡಿಗ್ರಿ ಹೆಚ್ಚು ಕಾಯ್ದರೆ 0.01 ಮಿ.ಮೀ. ಉದ್ದ ಕಾಣುತ್ತದೆ. ನಾವು ಹುಡುಕುತ್ತಿರುವುದು 0.15. ಅಂದರೆ ಬಿಸಿಲೇ ನಿಮ್ಮ ಅಳತೆಯಲ್ಲಿ ಹದಿನೈದರಲ್ಲಿ ಒಂದು ಪಾಲು ಕದಿಯಿತು. ನಮ್ಮ ಗ್ಯಾರೇಜ್‌ನಲ್ಲಿ ಅಳತೆಯ ಕೆಲಸ ಬೆಳಿಗ್ಗೆ ಆರೂವರೆಗೆ. ರಾಡ್, ಬೋಲ್ಟ್, ಮೈಕ್ರೋಮೀಟರ್ ಎಲ್ಲ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಮಲಗಿರುತ್ತವೆ. ಅದಿರಿನ ಲಾರಿಗಳು ಎಬ್ಬಿಸುವ ದೂಳೂ ಆ ಹೊತ್ತಿಗೆ ಕೂತಿರುತ್ತದೆ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಆಯಿಲ್ ಸಂದು 0.04, 0.05 ಮಿ.ಮೀ. ಇರುವ ಜಾಗ. ಶೆಲ್‌ನ ಬೆನ್ನಿಗೆ ಒಂದು ಕಣ ಸೇರಿದರೂ ಅಲ್ಲಿ ಉಬ್ಬುತ್ತದೆ.

ಮರೆಯುವ ಮುನ್ನ ಇನ್ನೆರಡು ಮಾತು. ಬೋಲ್ಟ್ ಬದಲಾಯಿಸಿ ಹೆಚ್ಚು ಗಟ್ಟಿಯದು ಹಾಕಿದರೆ ಬಿಗ್ ಎಂಡ್‌ನ, ಅಂದರೆ ರಾಡ್‌ನ ಕ್ರ್ಯಾಂಕ್ ಕಡೆಯ ತುದಿಯ, ತೂತು ಗುಂಡಗೆ ಉಳಿಯುವುದಿಲ್ಲ. ಹೊಸ ಹಿಡಿತಕ್ಕೆ ಅದು ಬೇರೆ ಆಕಾರ ತಾಳುತ್ತದೆ. ಶೆಲ್ ಇಲ್ಲದೆ ಬಿಗಿದು ಬೋರ್ ಗೇಜ್ ಇಟ್ಟು ನೋಡಿ, ಬೇಕಾದರೆ ಹೋನ್ ಮಾಡಿಸಿ, ಅಂದರೆ ನಯವಾಗಿ ಉಜ್ಜಿ ಗುಂಡಗೆ ಮಾಡಿಸಿ. ಕ್ಯಾಪ್‌ಗಳನ್ನು ಅದಲುಬದಲು ಮಾಡಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ. ಈಗಿನ, ಒಂದೇ ತುಂಡಾಗಿ ಮಾಡಿ ಆಮೇಲೆ ಕ್ಯಾಪನ್ನು ಒಡೆದು ಬೇರ್ಪಡಿಸಿದ ರಾಡ್‌ಗಳಲ್ಲಂತೂ ಒಡಕಲು ಮುಖಗಳು ಬೆಲ್ಲದಚ್ಚು ಮುರಿದ ಎರಡು ಹೋಳಿನಂತೆ, ತಮ್ಮ ಜೋಡಿಯ ಹೊರತು ಬೇರೆ ಯಾವುದಕ್ಕೂ ಕೂಡುವುದಿಲ್ಲ.

ಹಿಂದಿನಿಂದ ಒಂದು ಪ್ರಶ್ನೆ ಬಂದಿದೆ: ಏರ್ ಗನ್‌ನಲ್ಲಿ ಬಿಗಿದು ಕೊನೆಗೆ ಟಾರ್ಕ್ ನೋಡಿದರೆ ನಡೆಯುವುದಿಲ್ಲವೇ? ಲಾರಿ ಚಕ್ರದ ನಟ್ ಬಿಚ್ಚಲು ನಡೆಯುತ್ತದೆ. ರಾಡ್ ಬೋಲ್ಟ್‌ಗೆ ಗನ್ ಮುಟ್ಟಿಸಿದರೆ ಅದು ಆಗಲೇ ಎಷ್ಟು ಹಿಗ್ಗಿತು ಎಂಬುದು ತಿಳಿಯುವುದಿಲ್ಲ, ಆಮೇಲೆ ರೆಂಚ್ ಹಾಕಿದರೆ ತಿರುಗದೆಯೇ ಟಕ್ ಎನ್ನುತ್ತದೆ.

ಇನ್ನೊಂದು ಒಳ್ಳೆಯ ಪ್ರಶ್ನೆ, ಹಳೆಯ ಬೋಲ್ಟ್ ಮತ್ತೆ ಬಳಸಬಹುದೇ ಎಂದು. ಒಂದೇ ಸಲ ಬಳಸುವ ಬೋಲ್ಟ್ ಅಲ್ಲದಿದ್ದರೆ, ಬಿಚ್ಚಿ ತಣ್ಣಗೆ ಉದ್ದ ಅಳೆಯಿರಿ. ಹೊಸದಿದ್ದಾಗಿನ ಉದ್ದಕ್ಕಿಂತ 0.025 ಮಿ.ಮೀ., ಅಂದರೆ ಇಂಚಿನ ಸಾವಿರದ ಒಂದು ಭಾಗ ಹೆಚ್ಚಾಗಿದ್ದರೆ ಅದು ಇಳಿದುಹೋದ ಸ್ಪ್ರಿಂಗ್, ಗುಜರಿಗೆ ಹಾಕಿ. ಹೊಸದಿದ್ದಾಗಿನ ಉದ್ದ ಬರೆದಿಟ್ಟಿಲ್ಲ ಎನ್ನುತ್ತೀರಾ? ಹಾಗಾದರೆ ಹೊಸ ಬೋಲ್ಟೇ ತನ್ನಿ, ಈ ಸಲ ಬರೆದಿಡಿ.

ಊಟದ ನಂತರ ರಾಡ್, ಗೇಜ್ ಎರಡೂ ಇದೇ ಟೇಬಲ್ ಮೇಲೆ ಇರುತ್ತವೆ. ಇಬ್ಬಿಬ್ಬರಾಗಿ ಬಂದು ಒಂದೊಂದು ಬೋಲ್ಟ್ ಬಿಗಿದು ನೋಡಿ, ಅಂಕಿಯನ್ನು ಆ ಹಾಳೆಯಲ್ಲಿ ಬರೆಯಿರಿ. ಕೈ ತೊಳೆದುಕೊಂಡು ಬನ್ನಿ. ಆ ಡಬ್ಬಿ ಈಗ ಯಾರ ಹತ್ತಿರ ಇದೆ? ಎರಡೂ ಬೋಲ್ಟ್ ಒಳಗೆ ಇವೆಯೇ ನೋಡಿ ಮುಂದಕ್ಕೆ ಕಳಿಸಿ.